ಅರ್ಧ ಶಟರ್ ಇಳಿದರೆ ಊರು ಬಂದ್ ಅಂತಲ್ಲ

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ಮೈಸೂರು ಕಡೆಯವಳು. ಬ್ಯಾಂಕ್ ಕೆಲಸದ ಮೇಲೆ ಕಲಬುರಗಿಗೆ ವರ್ಗವಾಗಿ ಮೂರು ತಿಂಗಳಾಯಿತು. ಜೊತೆಗೆ ಅತ್ತೆ ಮತ್ತು ಏಳನೇ ಕ್ಲಾಸಿನ ಮಗಳು ಇದ್ದಾರೆ, ಯಜಮಾನರು ಮೈಸೂರಿನಲ್ಲೇ. ಚಳಿಗಾಲ ಶುರುವಾದಾಗಿನಿಂದ ಇಲ್ಲಿ ಒಂದಿಲ್ಲೊಂದು ಮೆರವಣಿಗೆ, ಧರಣಿ, ಬಂದ್ ಕರೆ. ಕಾಲೊನಿಯ ವಾಟ್ಸಾಪ್ ಗ್ರೂಪಿನಲ್ಲಿ ವಾರಕ್ಕೊಮ್ಮೆ ‘144 ಹಾಕಿದ್ದಾರೆ, ಯಾರೂ ಹೊರಗೆ ಬರಬೇಡಿ’ ಅಂತ ಮೆಸೇಜ್ ಬರುತ್ತದೆ. ಈ 144 ಅಂದರೆ ನಿಜಕ್ಕೂ ಏನು? ಬೆಳಗಿನ ವಾಕಿಂಗ್, ಮಗಳ ಟ್ಯೂಷನ್, ನನ್ನ ಡ್ಯೂಟಿ ಎಲ್ಲ ನಿಲ್ಲಿಸಬೇಕಾ? ಮನೆ ಓನರ್ ಎಳ್ಳ ಅಮವಾಸ್ಯೆಗೆ ತಮ್ಮ ಹೊಲಕ್ಕೆ ಕರೆದಿದ್ದಾರೆ. ಇಂಥ ಹೊತ್ತಲ್ಲಿ ಹೋಗಬಹುದಾ? ಹೋದರೆ ಏನು ಒಯ್ಯಬೇಕು?

ಉತ್ತರ: ಮೇಡಂ, ನಿಮ್ಮ ಗ್ರೂಪಿನ ಮೆಸೇಜಿನಲ್ಲೇ ಒಂದು ಸುಳಿವಿದೆ. 144 ಅನ್ನೋ ಸೆಕ್ಷನ್ ಈಗ ಆ ನಂಬರಿನಲ್ಲಿ ಇಲ್ಲ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಹಳೆಯ 144, ಅಂದರೆ ನಿಷೇಧಾಜ್ಞೆಯ ಸೆಕ್ಷನ್, ಅದರಲ್ಲಿ 163 ಆಗಿ ಕೂತಿದೆ. ಬಾಯಲ್ಲಿ ಇನ್ನೂ ಎಲ್ಲರೂ 144 ಅಂತಲೇ ಅನ್ನುತ್ತಾರೆ. ನಾನೂ ಅನ್ನುತ್ತೇನೆ, ಬಂದೋಬಸ್ತಿಗೆ ನಿಂತ ಪೊಲೀಸರೂ ಅನ್ನುತ್ತಾರೆ. ಆದರೆ ಸಹಿ, ಸೀಲು ಇರುವ ಆದೇಶದ ಫೋಟೊ ಬಂದು, ಅದರೊಳಗೂ ‘ಸಿಆರ್‌ಪಿಸಿ ಕಲಂ 144’ ಅಂತ ಅಚ್ಚಾಗಿದ್ದರೆ, ಅದು ಬಹುತೇಕ ಹಳೇ ಕಾಗದ ಅಂತ ತಿಳಿಯಿರಿ. ಯಾರೋ ತಮ್ಮ ಮೊಬೈಲಿನ ತಳದಿಂದ ಎತ್ತಿ ಹಾಕಿದ್ದಾರೆ. ತಾರೀಖು ಇರುವ ಮೂಲೆ ಕತ್ತರಿಸಿ ಕಳಿಸುವ ಜಾಣರು ಇದ್ದಾರೆ. ಸೆಕ್ಷನ್ ನಂಬರ್ ಕತ್ತರಿಸೋದು ಮಾತ್ರ ಯಾರಿಗೂ ಹೊಳೆಯೋದಿಲ್ಲ.

ಇದು ಸಣ್ಣ ವಿಷಯ ಅನ್ನಿಸಬಹುದು. ನನ್ನ ಒಬ್ಬ ಕಕ್ಷಿದಾರರಿಗೆ ಸಣ್ಣದಾಗಲಿಲ್ಲ. ಭೀಮಾ ದಂಡೆಯ ಹಳ್ಳಿಯವರು, ಎರಡು ಎಕರೆ ಹೊಲದ ತಕರಾರು. ಡಿಸೆಂಬರ್‌ನ ಒಂದು ದಿನ ಅವರ ಸಾಕ್ಷಿ ಇತ್ತು. ನಾನು ಕೋರ್ಟಿನಲ್ಲಿ ಕಾದೆ, ಅವರು ಬರಲಿಲ್ಲ. ಫೋನೂ ಹತ್ತಲಿಲ್ಲ. ಆ ಕೇಸು ಆಗಲೇ ನಾಲ್ಕು ಸಲ ಮುಂದಕ್ಕೆ ಹೋಗಿತ್ತು, ಆವತ್ತು ಗೈರುಹಾಜರಿ ಮೇಲೆ ವಜಾ ಆಯಿತು. ಸಂಜೆ ಫೋನಿಗೆ ಸಿಕ್ಕರು. ‘ಸಾಹೇಬ್ರ, ಊರಾಗ ನೂರಾ ನಲ್ವತ್ನಾಕು ಹಾಕ್ಯಾರ ಅಂದ್ರು, ಬಸ್ ಇಲ್ಲ ಅಂದ್ರು, ಅದಕ್ಕ ಬರ್ಲಿಲ್ರಿ’ ಅಂದರು. ಆವತ್ತು ಊರಲ್ಲಿ ಏನೂ ಇರಲಿಲ್ಲ. ಬಸ್ ಓಡಿದ್ದವು. ಅವರಿಗೆ ಬಂದ ಫೋಟೊ ಹಿಂದಿನ ಯಾವುದೋ ವರ್ಷದ್ದು. ಕೇಸು ಮರಳಿ ಜೀವಕ್ಕೆ ತರಲು ಅರ್ಜಿ, ಅಫಿಡವಿಟ್ಟು, ಮತ್ತೆ ಓಡಾಟ. ಎಂಟು ತಿಂಗಳು ಹೋಯಿತು. ತಪ್ಪು ಅವರೊಬ್ಬರದೇ ಅಲ್ಲ. ಹಿಂದಿನ ದಿನ ಒಂದು ಫೋನ್ ಮಾಡಿ ‘ನಾಳೆ ಬರ್ತೀರಲ್ವಾ’ ಅಂತ ನಾನೂ ಕೇಳಿರಲಿಲ್ಲ. ಈಗ ಕೇಳುತ್ತೇನೆ.

ಹಾಗಾಗಿ ನನ್ನ ಮೊದಲ ಮಾತು ಇಷ್ಟೇ. ‘ಹಾಕಿದ್ದಾರಂತೆ’ ಅನ್ನೋದನ್ನು ನಂಬಬೇಡಿ, ಕಾಗದ ಓದಿ. ಈ ಆದೇಶ ಬಾಯಿಮಾತಿನಲ್ಲಿ ಬರೋದಿಲ್ಲ, ಲಿಖಿತವಾಗಿ ಇರಲೇಬೇಕು. ಯಾಕೆ ಹಾಕಿದೆವು ಅನ್ನೋದನ್ನೂ ಅದರಲ್ಲಿ ಬರೆಯಬೇಕು. ಕಲಬುರಗಿ ನಗರಕ್ಕೆ ಪೊಲೀಸ್ ಕಮಿಷನರೇಟ್ ಇರುವುದರಿಂದ ನಗರದೊಳಗಿನ ಆದೇಶಕ್ಕೆ ಸಾಮಾನ್ಯವಾಗಿ ಕಮಿಷನರ್ ಸಹಿ ಇರುತ್ತದೆ. ತಾಲೂಕುಗಳಿಗೆ ಜಿಲ್ಲಾಧಿಕಾರಿ ಅಥವಾ ಅವರ ಕೈಕೆಳಗಿನ ದಂಡಾಧಿಕಾರಿಗಳ ಸಹಿ. ಸಹಿ ನೋಡಿದ ಮೇಲೆ ಸಮಯ ನೋಡಿ: ಯಾವ ದಿನ ಎಷ್ಟು ಗಂಟೆಯಿಂದ ಯಾವ ದಿನ ಎಷ್ಟು ಗಂಟೆವರೆಗೆ. ಆಮೇಲೆ ಜಾಗ. ಇಡೀ ನಗರವೋ, ಒಂದೆರಡು ಠಾಣೆ ವ್ಯಾಪ್ತಿಯೋ, ಒಂದು ರಸ್ತೆಯೋ. ಕೊನೆಗೆ ಯಾವುದಕ್ಕೆ ವಿನಾಯಿತಿ. ಮದುವೆ, ಶವಸಂಸ್ಕಾರದಂಥವನ್ನು ಹೊರಗಿಟ್ಟೆವು ಅಂತ ಬಹಳ ಆದೇಶಗಳಲ್ಲಿ ಬರೆದಿರುತ್ತದೆ. ಆದರೆ ಅದು ಕೆಳಗಿನ ಪ್ಯಾರಾದಲ್ಲಿ ಇರುತ್ತದೆ, ಗ್ರೂಪಿಗೆ ಬರುವ ಫೋಟೊ ಮೇಲಿನ ಅರ್ಧ ಪುಟದ್ದು.

ಆದೇಶದಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಗುಂಪು ಸೇರಬಾರದು, ಮೆರವಣಿಗೆ-ಸಭೆ ಮಾಡಬಾರದು, ಬಡಿಗೆ-ಆಯುಧ ಹಿಡಿದು ಓಡಾಡಬಾರದು, ಪ್ರಚೋದನೆಯ ಘೋಷಣೆ ಕೂಗಬಾರದು. ಇದರಲ್ಲಿ ನೀವು ಹಾಲು ತರೋದನ್ನು, ಬ್ಯಾಂಕಿಗೆ ಹೋಗೋದನ್ನು, ಮಗಳನ್ನು ಸ್ಕೂಟಿ ಮೇಲೆ ಕೂರಿಸಿಕೊಂಡು ಟ್ಯೂಷನ್‌ಗೆ ಬಿಡೋದನ್ನು ತಡೆಯುವ ಮಾತು ಎಲ್ಲಿದೆ? ಮನೆಬಿಟ್ಟು ಹೊರಗೆ ಬರಲೇಬಾರದು ಅನ್ನೋದು ಕರ್ಫ್ಯೂ. ಅದೂ ಇದೇ ಸೆಕ್ಷನ್ ಕೆಳಗೇ ಬರುತ್ತದೆ, ಆದರೆ ಹಾಗಂತ ಆದೇಶದಲ್ಲಿ ಬಿಡಿಸಿ ಬರೆದಿರಬೇಕು. ಕಲಬುರಗಿಯಲ್ಲಿ 144 ಅಂದ ಕೂಡಲೇ ಕರ್ಫ್ಯೂ ಅಂತ ತಿಳಿಯೋದು ಹಳೇ ರೋಗ.

ಮೀರಿದರೆ ಶಿಕ್ಷೆ ಇದೆ, ಅದನ್ನು ಹಗುರ ಮಾಡಿ ಹೇಳೋದಿಲ್ಲ. ಹಳೆಯ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 223ರ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜನರ ಜೀವಕ್ಕೆ, ಸುರಕ್ಷತೆಗೆ ಅಪಾಯ ತಂದಿದ್ದರೆ ಒಂದು ವರ್ಷ, 5,000 ರೂಪಾಯಿ. ಆದರೆ ಸರ್ಕಾರಕ್ಕೂ ಲಗಾಮು ಇದೆ. ಈ ಆದೇಶ ಎರಡು ತಿಂಗಳಿಗಿಂತ ಜಾಸ್ತಿ ನಡೆಯೋದಿಲ್ಲ. ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಹೊರಡಿಸಬೇಕು, ಅದೂ ಇನ್ನು ಆರು ತಿಂಗಳ ಒಳಗೆ ಮುಗಿಯಬೇಕು. ತಪ್ಪಾಗಿ ಹಾಕಿದರೆ ಕೋರ್ಟು ಕೇಳುತ್ತದೆ. ಪೌರತ್ವ ತಿದ್ದುಪಡಿ ಕಾಯ್ದೆ ವಿರೋಧದ ಹೊತ್ತಲ್ಲಿ, 2019ರ ಡಿಸೆಂಬರ್ 19ರಿಂದ ಮೂರು ದಿನ ರಾಜ್ಯದ ಹಲವು ಕಡೆ ನಿಷೇಧಾಜ್ಞೆ ಇತ್ತು. ಆಗ ಬೆಂಗಳೂರಿನಲ್ಲಿ ಹೊರಡಿಸಿದ ಆದೇಶ ಕಾನೂನಿನ ಪರೀಕ್ಷೆಯಲ್ಲಿ ನಿಲ್ಲೋದಿಲ್ಲ ಅಂತ ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಹೇಳಿತು. ಮೂರು ದಿನದ ಆದೇಶಕ್ಕೆ ಸುಮಾರು ಎರಡು ತಿಂಗಳ ಮೇಲೆ ತೀರ್ಪು. ತೀರ್ಪು ಬರುವಷ್ಟರಲ್ಲಿ ಚಳಿಯೇ ಮುಗಿದಿತ್ತು ಅನ್ನಿ. ಆದರೂ ಆ ತೀರ್ಪು ಇದೆ ಅನ್ನೋದು ದೊಡ್ಡದು. ಕಾರಣ ಬರೆಯದೆ ಸಹಿ ಹಾಕಲು ಅಧಿಕಾರಿಗಳು ಈಗ ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ.

ಒಂದು ಮಾತು ಹೇಳಿದರೆ ನಗುತ್ತೀರಿ. ಈ ಸೆಕ್ಷನ್ ನಿಮಗೆ ಜಾಸ್ತಿ ಎದುರಾಗೋದು ಗಲಾಟೆಯಲ್ಲಲ್ಲ, ಪರೀಕ್ಷೆಯಲ್ಲಿ. ಯಾವುದಾದರೂ ದೊಡ್ಡ ಪರೀಕ್ಷೆ ಇದ್ದರೆ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಝೆರಾಕ್ಸ್ ಅಂಗಡಿ ಬಂದ್. ಪರೀಕ್ಷೆ ನಕಲಿನ ವಿಷಯದಲ್ಲಿ ನಮ್ಮೂರಿನ ಹೆಸರು ಪೇಪರಿನಲ್ಲಿ ಬಂದದ್ದು ನಿಮಗೂ ಗೊತ್ತಿರಬಹುದು, ಹಾಗಾಗಿ ಇಲ್ಲಿ ಅದನ್ನು ಬಿಗಿಯಾಗಿಯೇ ಮಾಡುತ್ತಾರೆ. ಗ್ರೂಪಿನಲ್ಲಿ ಬರುವ ‘144’ಗಳಲ್ಲಿ ಕೆಲವು ಇವೇ. ಆಧಾರ್ ಕಾರ್ಡಿನ ಝೆರಾಕ್ಸ್ ಮಧ್ಯಾಹ್ನದ ಮೇಲೆ ಮಾಡಿಸಿಕೊಂಡರೆ ಆಯಿತು.

ಇನ್ನು ಬಂದ್. ಇದಕ್ಕೂ ನಿಷೇಧಾಜ್ಞೆಗೂ ಸಂಬಂಧ ಇಲ್ಲ. ನಿಷೇಧಾಜ್ಞೆ ಸರ್ಕಾರದ್ದು, ಬಂದ್ ಸಂಘಟನೆಗಳದ್ದು. ಬಲವಂತವಾಗಿ ಊರು ಮುಚ್ಚಿಸುವ ಬಂದ್ ಸಂವಿಧಾನಕ್ಕೆ ವಿರುದ್ಧ ಅಂತ ಕೇರಳ ಹೈಕೋರ್ಟ್ 1997ರಲ್ಲಿ ಹೇಳಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ತಮ್ಮ ಅಂಗಡಿ ತಾವು ಮುಚ್ಚೋದು, ಶಾಂತವಾಗಿ ಧರಣಿ ಕೂರೋದು ಅವರ ಹಕ್ಕು. ಇನ್ನೊಬ್ಬರ ಅಂಗಡಿ ಮುಚ್ಚಿಸೋದು ಹಕ್ಕಲ್ಲ. ಕಾನೂನು ಇಷ್ಟು ಸ್ಪಷ್ಟ. ಬೀದಿ ಅಷ್ಟು ಸ್ಪಷ್ಟ ಅಲ್ಲ. ಬೀದಿಗೆ ಅದರದೇ ಭಾಷೆ ಇದೆ, ಅದನ್ನು ನೀವು ಶಟರ್ ನೋಡಿ ಕಲಿಯಬೇಕು.

ಸೂಪರ್ ಮಾರ್ಕೆಟ್ ಅನ್ನೋ ನಮ್ಮೂರಿನ ಪೇಟೆ ಕಡೆ ಹೋಗಿ ನೋಡಿ. ಶಟರ್ ಪೂರ್ತಿ ಇಳಿದು, ಬೀಗ ಬಿದ್ದು, ಮುಂದೆ ಬೈಕ್ ಕೂಡ ಇಲ್ಲ ಅಂದರೆ ಅವತ್ತು ಮಾಲಕರು ಮನೆಯಲ್ಲೇ ಉಳಿದಿದ್ದಾರೆ, ನೀವೂ ಮನೆಗೆ ಹೋಗೋದು ಒಳ್ಳೆಯದು. ಶಟರ್ ಸೊಂಟದವರೆಗೆ ಇಳಿದು, ಕೆಳಗೆ ಒಂದು ಜೊತೆ ಚಪ್ಪಲಿ, ಒಳಗೆ ಲೈಟು ಕಾಣುತ್ತಿದೆ ಅಂದರೆ ಮೆರವಣಿಗೆ ಇನ್ನೂ ಈ ರಸ್ತೆ ದಾಟಿಲ್ಲ ಅಂತ ಅರ್ಥ. ಮಾಲಕರು ಒಳಗೆ ಕೂತು ಚಾ ಕುಡಿಯುತ್ತಿದ್ದಾರೆ. ಬಗ್ಗಿ ‘ಅಣ್ಣಾ, ಒಂದು ಸಕ್ಕರೆ ಪಾಕೀಟು’ ಅಂದರೆ ಸಿಗುತ್ತದೆ. ಚಾ ಹುಡುಗ ಕೂಡ ಬಗ್ಗಿಯೇ ಒಳಗೆ ಹೋಗಿ ಬರುತ್ತಾನೆ, ಒಂದು ಹನಿ ಚೆಲ್ಲದೆ. ಘೋಷಣೆ ದೂರ ಹೋದ ಕೂಡಲೇ ‘ಘರ್ರ್’ ಅಂತ ಒಂದು ಶಟರ್ ಮೇಲೆ ಹೋಗುತ್ತದೆ. ಅದರ ಹಿಂದೆ ಎರಡನೆಯದು, ಹತ್ತನೆಯದು. ಯಾರು ಮೊದಲು ಎತ್ತುತ್ತಾರೆ ಅಂತ ಎಲ್ಲರೂ ಕಾಯುತ್ತಿರುತ್ತಾರೆ. ಸಾಮಾನ್ಯವಾಗಿ ಔಷಧಿ ಅಂಗಡಿಯವರೇ ಎತ್ತೋದು, ಅವರನ್ನು ಯಾರೂ ಏನೂ ಅನ್ನೋದಿಲ್ಲ.

ಇಲ್ಲಿನ ಬಂದ್‌ಗೆ ಒಂದು ವೇಳಾಪಟ್ಟಿ ಇರುತ್ತದೆ, ಬ್ಯಾಂಕಿನ ಹಾಗೆ. ನಸುಕಿಗೆ ನಾಕಾಗಳಲ್ಲಿ, ಅಂದರೆ ದೊಡ್ಡ ರಸ್ತೆಗಳು ಕೂಡುವಲ್ಲಿ, ಬಸ್ ನಿಲ್ದಾಣದ ಮುಂದೆ ನಾಲ್ಕು ಟೈರ್ ಸುಡುತ್ತಾರೆ. ಕಲ್ಯಾಣ ಕರ್ನಾಟಕ ಸಾರಿಗೆಯವರು ಬಸ್ಸುಗಳನ್ನು ಡಿಪೊದಲ್ಲೇ ಇಟ್ಟುಕೊಳ್ಳುತ್ತಾರೆ. ಒಂದು ಗಾಜು ಒಡೆದರೆ ಅದರ ಲೆಕ್ಕ ಯಾರಿಗೆ ಬೇಕು? ಹತ್ತು, ಹನ್ನೊಂದಕ್ಕೆ ಜಗತ್ ವೃತ್ತ, ಪಟೇಲ್ ವೃತ್ತದ ಕಡೆ ಜನ ಸೇರುತ್ತಾರೆ. ಭಾಷಣ ಆಗುತ್ತದೆ. ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಮನವಿ ಪತ್ರ ಕೊಡುತ್ತಾರೆ, ಫೋಟೊ ಆಗುತ್ತದೆ. ಅಷ್ಟೊತ್ತಿಗೆ ಊಟದ ಹೊತ್ತು. ಮೂರು, ನಾಲ್ಕು ಗಂಟೆಗೆ ಶಟರ್ ಏಳುತ್ತವೆ. ಸಂಜೆ ಮಿರ್ಚಿ ಭಜ್ಜಿ ಬಂಡಿ ಮುಂದೆ ನಿಂತರೆ ಬೆಳಿಗ್ಗೆ ಘೋಷಣೆ ಕೂಗಿದವರೂ, ಬಂದೋಬಸ್ತ್ ಮಾಡಿದವರೂ, ಶಟರ್ ಇಳಿಸಿದವರೂ ಒಂದೇ ಕಡಾಯಿ ಮುಂದೆ ಸಿಗುತ್ತಾರೆ. ಎಲ್ಲ ಬಂದ್‌ಗಳೂ ಹೀಗೇ ಮುಗಿಯುತ್ತವೆ ಅಂತ ಭರವಸೆ ಕೊಡೋದಿಲ್ಲ. ಆದರೆ ನಾನು ನೋಡಿದವುಗಳಲ್ಲಿ ಬಹಳಷ್ಟು ಹೀಗೇ ಮುಗಿದಿವೆ.

ನಿಮ್ಮ ಕೆಲಸ ಕಾರ್ಯ ಆ ವೇಳಾಪಟ್ಟಿಯ ಸುತ್ತ ಹೊಂದಿಸಿಕೊಳ್ಳಿ. ಬ್ಯಾಂಕಿಗೆ ಬೇಗ ಹೋಗಿ ಅಥವಾ ರಿಂಗ್ ರೋಡ್ ಹಿಡಿದು ಹೋಗಿ, ಒಳಗಿನ ವೃತ್ತಗಳನ್ನು ತಪ್ಪಿಸಿ. ಟ್ಯೂಷನ್ ಸಂಜೆಯದಾದರೆ ಬಹುಶಃ ನಡೆಯುತ್ತದೆ, ಆದರೂ ಮೇಷ್ಟ್ರಿಗೆ ಒಂದು ಫೋನ್ ಮಾಡಿ. ಶಾಲೆ ರಜೆ ಅನ್ನೋದು ಜಿಲ್ಲಾಡಳಿತ ಅಥವಾ ಶಾಲೆಯವರೇ ಹೇಳಬೇಕು, ಗ್ರೂಪ್ ಅಲ್ಲ. ರೈಲಿನ ಟಿಕೆಟ್ ಇದ್ದರೆ ರೈಲು ಸಾಮಾನ್ಯವಾಗಿ ಬರುತ್ತದೆ, ಸ್ಟೇಷನ್ ತಲುಪೋದೇ ಕಷ್ಟ. ಹಾಗಾಗಿ ಎರಡು ಗಂಟೆ ಮೊದಲೇ ಹೊರಡಿ. ಅತ್ತೆಯವರ ಬಿಪಿ ಮಾತ್ರೆ ಒಂದು ವಾರದ್ದು ಜಾಸ್ತಿ ಇಟ್ಟುಕೊಳ್ಳಿ. ಕೈಯಲ್ಲಿ ಎರಡು ಮೂರು ಸಾವಿರ ನಗದು ಇರಲಿ. ಬ್ಯಾಂಕಿನವರಿಗೆ ಇದನ್ನು ಹೇಳಬೇಕಾ ಅಂತ ಕೇಳಬೇಡಿ. ನಮ್ಮ ಪಕ್ಕದ ಮನೆಯ ಬ್ಯಾಂಕ್ ಮ್ಯಾನೇಜರ್ ಒಂದು ಸಲ ಹಾಲಿನವನಿಗೆ ಕೊಡಲು ನನ್ನ ಹತ್ತಿರ ಅರವತ್ತು ರೂಪಾಯಿ ಸಾಲ ತಗೊಂಡಿದ್ದರು.

ನಗದು ಯಾಕೆ ಅಂದರೆ, ಇಂಟರ್ನೆಟ್. ಹಗುರವಾಗಿ ಅದನ್ನು ನಿಲ್ಲಿಸೋದಿಲ್ಲ, ಆದರೆ ನಿಲ್ಲಿಸಿದರೆ ಫೋನ್‌ಪೇ, ಗೂಗಲ್ ಪೇ ಎಲ್ಲ ಸುಮ್ನೆ. ಇದಕ್ಕೂ ನಿಯಮ ಇದೆ. ಸಾಮಾನ್ಯವಾಗಿ ರಾಜ್ಯದ ಗೃಹ ಕಾರ್ಯದರ್ಶಿಯೇ ಆದೇಶ ಮಾಡಬೇಕು. 2024ರ ನವೆಂಬರ್‌ನಲ್ಲಿ ಬಂದ ನಿಯಮಗಳ ಪ್ರಕಾರ ಒಂದು ಆದೇಶ 15 ದಿನ ಮೀರಬಾರದು. ಇಂಥ ಆದೇಶಗಳನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕು, ಮುಚ್ಚಿಟ್ಟುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು, ಕಾಶ್ಮೀರದ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ‘ನಾಳೆಯಿಂದ ನೆಟ್ ಕಟ್, ಎಲ್ಲರಿಗೂ ಕಳಿಸಿ’ ಅಂತ ಬಂದರೆ, ಆದೇಶ ಎಲ್ಲಿ ಅಂತ ಕೇಳಿ. ನೆಟ್ ನಿಜವಾಗಿ ಹೋದರೂ ಮಾಮೂಲಿ ಕರೆ, ಎಸ್‌ಎಂಎಸ್ ಬಹುತೇಕ ನಡೆಯುತ್ತವೆ. ಯಜಮಾನರಿಗೆ ಅದನ್ನು ಮೊದಲೇ ಹೇಳಿಡಿ. ವಾಟ್ಸಾಪಿನಲ್ಲಿ ಒಂದೇ ಟಿಕ್ ಬಿದ್ದರೆ ಮೈಸೂರಿನಲ್ಲಿ ಕೂತವರಿಗೆ ಜೀವ ಬಾಯಿಗೆ ಬರುತ್ತದೆ.

ಫಾರ್ವರ್ಡ್ ಮಾಡೋದರ ಬಗ್ಗೆಯೂ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಜನರಲ್ಲಿ ಭಯ ಹುಟ್ಟಿಸುವ, ಸಮುದಾಯಗಳ ನಡುವೆ ದ್ವೇಷ ಎಬ್ಬಿಸುವ ಸುಳ್ಳು ಸುದ್ದಿಯನ್ನು ಬೇಕೆಂದೇ ಹಬ್ಬಿಸಿದರೆ ನ್ಯಾಯ ಸಂಹಿತೆಯ ಸೆಕ್ಷನ್ 353ರ ಕೆಳಗೆ ಮೂರು ವರ್ಷದವರೆಗೆ ಜೈಲು ಆಗಬಹುದು. ‘ನನಗೆ ಬಂದದ್ದನ್ನೇ ಕಳಿಸಿದೆ’ ಅಂತ ಠಾಣೆಯಲ್ಲಿ ಹೇಳಿದವರನ್ನು ನಾನು ಬಹಳ ನೋಡಿದ್ದೇನೆ. ಒಳ್ಳೆಯ ಮನೆಯವರು, ನಿವೃತ್ತ ನೌಕರರು, ಹೊತ್ತು ಹೋಗದೆ ಕಳಿಸಿದವರು. ಕೊನೆಗೆ ಬಿಡುಗಡೆ ಆದರೂ ಆ ಫೋನು ತನಿಖೆಗೆ ಅಂತ ಪೊಲೀಸರ ಹತ್ತಿರ ತಿಂಗಳುಗಟ್ಟಲೆ ಇರುತ್ತದೆ, ಅದರೊಳಗಿನ ಮೊಮ್ಮಕ್ಕಳ ಫೋಟೊ ಸಮೇತ. ಅತ್ತೆಯವರ ಫೋನಿನಲ್ಲೂ ಒಮ್ಮೆ ಕಣ್ಣಾಡಿಸಿ.

ಚಳಿಗಾಲ ಬಂದ ಕೂಡಲೇ ಯಾಕೆ ಇಷ್ಟೆಲ್ಲ ಅಂತ ನೀವು ನೇರವಾಗಿ ಕೇಳಿಲ್ಲ. ಆದರೆ ಪ್ರಶ್ನೆಯ ಒಳಗೆ ಅದು ಇದೆ. ಬೇಸಿಗೆಯಲ್ಲಿ ಒಂದು ಸಲ ಇಲ್ಲಿದ್ದು ನೋಡಿ, ಉತ್ತರ ತಾನೇ ಸಿಗುತ್ತದೆ. ಏಪ್ರಿಲ್, ಮೇ ಮಧ್ಯಾಹ್ನ 42, 43 ಡಿಗ್ರಿ. ಹೋರಾಟಗಾರರಿಗೂ ತಲೆ ಸುಡುತ್ತದಲ್ವಾ! ಡಿಸೆಂಬರ್‌ನಲ್ಲಿ ಹಗಲು 30ರ ಆಸುಪಾಸು, ನಸುಕಿಗೆ 15, ಕೆಲವು ವರ್ಷ 10ರ ಹತ್ತಿರಕ್ಕೂ ಇಳಿಯುತ್ತದೆ. ಬೀದರ್ ನಮಗಿಂತ ಎತ್ತರದಲ್ಲಿದೆ, ಅಲ್ಲಿ ಇನ್ನೂ ಥಂಡಿ. ನಡೆಯಲು, ಕೂಗಲು, ದಿನವಿಡೀ ಧರಣಿ ಕೂರಲು ಇದೇ ಹೊತ್ತು. ಜೊತೆಗೆ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತದೆ. ಸರ್ಕಾರ ಉತ್ತರ ಕರ್ನಾಟಕದ ಕಡೆ ಮುಖ ಮಾಡೋದು ಆ ಹತ್ತು ಹನ್ನೆರಡು ದಿನವೇ ಅಂತ ಜನರಿಗೆ ಗೊತ್ತು. ಹಾಗಾಗಿ ಎಲ್ಲ ಬೇಡಿಕೆಗಳೂ ಅದೇ ಹೊತ್ತಿಗೆ ಬೀದಿಗೆ ಬರುತ್ತವೆ. ಡಿಸೆಂಬರ್ 6 ಬೇರೆ ಬರುತ್ತದೆ. ಅಂಬೇಡ್ಕರ್ ಅವರ ಪರಿನಿರ್ವಾಣದ ದಿನವೂ ಅದೇ, 1992ರಲ್ಲಿ ಬಾಬರಿ ಮಸೀದಿ ಬಿದ್ದ ದಿನವೂ ಅದೇ. ಅವತ್ತು ಬಂದೋಬಸ್ತ್ ಇದ್ದೇ ಇರುತ್ತದೆ, ಏನಾದರೂ ಆಗಲಿ ಆಗದಿರಲಿ.

ಎಲ್ಲಕ್ಕಿಂತ ದೊಡ್ಡದು ತೊಗರಿ. ನಿಮ್ಮ ಬ್ಯಾಂಕಿನ ಕೌಂಟರಿನಲ್ಲೇ ನೋಡುತ್ತೀರಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಸಿಕ್ಕರೇನು, ರಾಶಿ ಆಗುವ ಡಿಸೆಂಬರ್-ಜನವರಿಯಲ್ಲೇ ದರ ಬೀಳುವುದು ಹೆಚ್ಚು. 2024-25ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು, 2025-26ಕ್ಕೆ 8,000. ಬೆಲೆ ಘೋಷಣೆ ಆಗುತ್ತದೆ, ಖರೀದಿ ಕೇಂದ್ರ ತೆರೆಯೋದು ತಡ ಆಗುತ್ತದೆ. ಅಷ್ಟರಲ್ಲಿ ಸಾಲ ಇದ್ದವರು ಧಾನ್ಯದ ಮಾರುಕಟ್ಟೆಯಾದ ಗಂಜ್‌ನಲ್ಲಿ ಸಿಕ್ಕ ದರಕ್ಕೆ ಕೊಟ್ಟು ಹೋಗಿರುತ್ತಾರೆ. 2024ರ ಬೆಳೆಗೆ ನೆಟೆ ರೋಗ ಬಂದು ಕಾಯಿ ಕಟ್ಟುವ ಹೊತ್ತಲ್ಲಿ ಗಿಡ ನಿಂತಲ್ಲೇ ಒಣಗಿತು. ಪರಿಹಾರ ಕೇಳಿ ರೈತರು ಊರಿಗೆ ಬಂದರು. ನೀವು ಕಿಟಕಿಯಿಂದ ‘ರಾಜಕೀಯ ಗಲಾಟೆ’ ಅಂತ ನೋಡೋದರಲ್ಲಿ ಅರ್ಧ ಇಂಥದ್ದು. ಅದನ್ನು ಗಲಾಟೆ ಅನ್ನಲು ನನಗೆ ಮನಸ್ಸಿಲ್ಲ.

ಇದರಲ್ಲಿ ನಿಜವಾಗಿ ಕಳಕೊಳ್ಳುವವರು ಬೇರೆ. ಬೆಳಿಗ್ಗೆ ಏಳಕ್ಕೆ ನಾಕಾದ ಹತ್ತಿರ ಹೋಗಿ, ತಲೆಗೆ ಟವೆಲ್ ಸುತ್ತಿ, ಬುತ್ತಿ ಹಿಡಿದು ನಿಂತವರನ್ನು ನೋಡುತ್ತೀರಿ. ಗೌಂಡಿ, ಬಣ್ಣದವರು, ಕೂಲಿ ಹೆಣ್ಣುಮಕ್ಕಳು. ಅದು ಅಡ್ಡಾ. ಬಂದ್ ದಿನ ಅವರನ್ನು ಕರೆಯಲು ಯಾರೂ ಬರೋದಿಲ್ಲ. ಆದರೂ ಬರುತ್ತಾರೆ, ಒಂಬತ್ತರವರೆಗೆ ನಿಂತು ತಂದ ರೊಟ್ಟಿ ಅಲ್ಲೇ ತಿಂದು ನಡೆದು ವಾಪಸ್ ಹೋಗುತ್ತಾರೆ. ಗಂಜ್‌ನ ಹಮಾಲರದೂ ಇದೇ ಕತೆ. ಚೀಲ ಎತ್ತಿದರೆ ಕೂಲಿ, ಇಲ್ಲದಿದ್ದರೆ ಇಲ್ಲ. ವರ್ಷದಲ್ಲಿ ಅವರಿಗೆ ಕೈತುಂಬ ಕೆಲಸ ಇರೋದೇ ಈ ಎರಡು ತಿಂಗಳು. ನಾನು ಬಂದ್ ಕರೆ ಕೊಡುವ ಗೆಳೆಯರಿಗೆ ಇದನ್ನು ಹೇಳಿದ್ದೇನೆ. ‘ಅದೂ ಖರೇನೆ ಅದ’ ಅನ್ನುತ್ತಾರೆ. ಮುಂದಿನ ಬಂದ್‌ಗೆ ಮತ್ತೆ ಕರಪತ್ರ ಅಚ್ಚಾಗುತ್ತದೆ.

ನಿಮ್ಮ ವಾಕಿಂಗ್ ವಿಷಯ. ಕಾನೂನಿನಲ್ಲಿ ಏನೂ ತೊಂದರೆ ಇಲ್ಲ, ಒಬ್ಬರೇ ಅಥವಾ ಇಬ್ಬರು ನಡೆದರೆ ಯಾವ ಆದೇಶಕ್ಕೂ ಧಕ್ಕೆ ಇಲ್ಲ. ನನ್ನ ತಕರಾರು ಹೊಗೆಯದು. ಥಂಡಿಯ ನಸುಕಿಗೆ ನೆಲದ ಹತ್ತಿರದ ಗಾಳಿ ತಣ್ಣಗೆ, ಭಾರವಾಗಿ ಕೂತಿರುತ್ತದೆ, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿರುತ್ತದೆ. ಟೈರಿನ ಹೊಗೆ ಮೇಲೆ ಹೋಗದೆ ಅಲ್ಲೇ ಹರಡುತ್ತದೆ. ಅದರ ಜೊತೆಗೆ ನಮ್ಮೂರಿನ ಧೂಳು. ಅತ್ತೆಯವರಿಗೆ ದಮ್ಮು ಇದ್ದರೆ ಬಂದ್ ದಿನ ಅವರು ಬಿಸಿಲು ಏರಿದ ಮೇಲೆ, ಒಂಬತ್ತಕ್ಕೆ ಹೊರಬರಲಿ. ನೀವು ನಡೆಯುವಾಗ ಎಲ್ಲಿಯಾದರೂ ಜನ ಗುಂಪುಗೂಡಿದ್ದು ಕಂಡರೆ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತ ನಿಲ್ಲಬೇಡಿ. ಚದುರಿ ಅಂತ ಪೊಲೀಸರು ಹೇಳಿದ ಮೇಲೂ ನಿಂತರೆ ನೀವೂ ಆ ಗುಂಪಿನವರೇ. ಪಕ್ಕದ ಗಲ್ಲಿ ಹಿಡಿಯಿರಿ, ಯಾವುದಾದರೂ ಮನೆಯ ಮುಂದೆ ‘ಅಕ್ಕಾ, ಸ್ವಲ್ಪ ಹೊತ್ತು ನಿಲ್ತೀನ್ರಿ’ ಅಂದರೆ ಇಲ್ಲಿ ಬೇಡ ಅನ್ನುವವರು ಕಡಿಮೆ. ತೀರಾ ತೊಂದರೆ ಅನ್ನಿಸಿದರೆ 112.

ಈಗ ಹೊಲ. ಹೋಗಿ ಮೇಡಂ, ಇದಕ್ಕೆ ವಕೀಲರ ಅಭಿಪ್ರಾಯವೇ ಬೇಡ. ನಿಮ್ಮ ನಗರಕ್ಕೆ ನಿಷೇಧಾಜ್ಞೆ ಇದ್ದರೂ ಹೊಲ ಇರುವ ಹಳ್ಳಿಗೆ ಅದು ಬಹುಶಃ ಅನ್ವಯಿಸೋದೇ ಇಲ್ಲ. ಅನ್ವಯಿಸಿದರೂ, ಮನೆಮಂದಿ ತಮ್ಮ ಹೊಲದಲ್ಲಿ ಕೂತು ಉಂಡದ್ದಕ್ಕೆ ಕೇಸ್ ಹಾಕಿದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಹೊರಡುವ ಮೊದಲು ಓನರಿಗೆ ಕೇಳಿ, ನಾಕಾದಲ್ಲಿ ಏನಾದರೂ ಇದೆಯಾ ಅಂತ. ಅವರಿಗೆ ಎರಡು ಸುತ್ತುದಾರಿ ಗೊತ್ತೇ ಇರುತ್ತವೆ.

ಎಳ್ಳ ಅಮವಾಸ್ಯೆ ಮಾರ್ಗಶಿರದ ಕೊನೆಗೆ, ಡಿಸೆಂಬರ್-ಜನವರಿಯಲ್ಲಿ ಬರುತ್ತದೆ. ಆ ದಿನ ಊರು ಅರ್ಧ ಖಾಲಿ. ಯಾರೂ ಕರೆ ಕೊಡದೆ, ಟೈರ್ ಸುಡದೆ ಆಗುವ ಬಂದ್ ಅಂದರೆ ಅದೊಂದೇ. ಗಾಡಿ, ಟಂಟಂ, ಕಾರು, ಕೆಲವು ಕಡೆ ಇನ್ನೂ ಎತ್ತಿನ ಬಂಡಿ, ಎಲ್ಲ ಹೊಲದ ಕಡೆ. ಹೋದ ಮೇಲೆ ಮೊದಲು ಪೂಜೆ, ಆಮೇಲೆ ಚರಗ. ಎಡೆಯ ಅಡುಗೆಯನ್ನು ಹೊಲದ ತುಂಬ ಚೆಲ್ಲುತ್ತ ಒಬ್ಬರು ಮುಂದೆ ಹೋಗುತ್ತಾರೆ, ಹಿಂದಿನವರು ಕೂಗು ಹಾಕುತ್ತಾರೆ. ಭೂಮಿಗೆ ಊಟ ಹಾಕಿದ ಮೇಲೇ ಮನುಷ್ಯರಿಗೆ. ಅಲ್ಲಿ ‘ಭಜ್ಜಿ’ ಬಡಿಸುತ್ತೇವೆ ಅಂದರೆ ಮೈಸೂರಿನ ಬಜ್ಜಿ ಬರುತ್ತದೆ ಅಂತ ಕಾಯಬೇಡಿ. ಇಲ್ಲಿ ಭಜ್ಜಿ ಅಂದರೆ ಹಸಿ ತೊಗರಿಕಾಳು, ಕಡಲೆ, ಅವರೆ, ಶೇಂಗಾ, ಮೆಂತ್ಯ, ಬದನೆ, ಗಜ್ಜರಿ ಎಲ್ಲ ಕುದಿಸಿ, ಹುಣಸೆಹುಳಿ ಬಿಟ್ಟು, ಕಡಲೆಹಿಟ್ಟಿನಲ್ಲಿ ಗಟ್ಟಿ ಮಾಡಿದ ಪಲ್ಯ. ಈ ಹೊತ್ತಲ್ಲಿ ಹೊಲದಲ್ಲಿ ಏನೇನು ಹಸಿ ಇದೆಯೋ ಅದೆಲ್ಲ ಒಂದೇ ಪಾತ್ರೆಗೆ. ಜೊತೆಗೆ ಎಳ್ಳು ಒತ್ತಿದ ಸಜ್ಜಿ ರೊಟ್ಟಿ, ಕಡುಬು, ಅಂಬಲಿ. ಸಜ್ಜಿ ಮೈಗೆ ಕಾವು ಕೊಡುತ್ತದೆ ಅಂತ ಥಂಡಿಯಲ್ಲೇ ತಿನ್ನೋದು. ರೊಟ್ಟಿ ಮೂರು ದಿನ ಮೊದಲೇ ಮಾಡಿ ಗಟ್ಟಿ ಆಗಿರುತ್ತದೆ, ಹಲ್ಲು ನೋಡಿಕೊಳ್ಳಿ. ಅತ್ತೆಯವರಿಗೆ ಭಜ್ಜಿಯಲ್ಲಿ ನೆನೆಸಿ ಕೊಡಿ.

ಎರೆ ಹೊಲ ಈ ಹೊತ್ತಿಗೆ ಬಿರುಕು ಬಿಟ್ಟಿರುತ್ತದೆ, ಹಿಮ್ಮಡಿ ಎತ್ತರದ ಚಪ್ಪಲಿ ಬೇಡ. ಮಗಳಿಗೆ ಬೂಟು ಹಾಕಿಸಿ. ಮಧ್ಯಾಹ್ನ ಸ್ವೆಟರ್ ಬಿಚ್ಚುತ್ತೀರಿ, ಐದು ಗಂಟೆಗೆ ಮತ್ತೆ ಹುಡುಕುತ್ತೀರಿ, ಬಿಟ್ಟು ಬರಬೇಡಿ. ಕತ್ತಲೆ ಆಗುವ ಮೊದಲು ಹೊರಡಿ. ಗಲಾಟೆಗೆ ಹೆದರಿ ಅಲ್ಲ, ಆ ಸಂಜೆ ಎಲ್ಲ ಗಾಡಿಗಳೂ ಒಟ್ಟಿಗೆ ಊರ ಕಡೆ ತಿರುಗುತ್ತವೆ, ಕಬ್ಬಿನ ಟ್ರ್ಯಾಕ್ಟರುಗಳಿಗೆ ಹಿಂದೆ ಲೈಟೇ ಇರೋದಿಲ್ಲ.

ಏನು ಒಯ್ಯಬೇಕು ಅಂತ ಕೇಳಿದ್ದೀರಿ. ಸ್ವೀಟ್ ಬಾಕ್ಸ್ ಬೇಡ, ಅದು ಹೊಲದಲ್ಲಿ ಹಾಗೇ ಉಳಿಯುತ್ತದೆ. ಒಂದು ದೊಡ್ಡ ಡಬ್ಬಿ ಗಟ್ಟಿ ಮೊಸರು ಒಯ್ಯಿರಿ. ಇಪ್ಪತ್ತು ಜನರಿಗೆ ಅಂತ ಮಾಡಿದ ಊಟಕ್ಕೆ ನಲವತ್ತು ಜನ ಬರುತ್ತಾರೆ, ಮೊದಲು ಕಡಿಮೆ ಬೀಳೋದು ಮೊಸರೇ.